ಜಹಾಂಗೀರ್ ಮತ್ತು ಅದರ ನೆರೆಹೊರೆ: ಕಾಲಾ ಘೋಡಾದ ಗ್ಯಾಲರಿಗಳಲ್ಲಿ ಏನು ನೋಡಬೇಕು, ಏನು ಕೇಳಬೇಕು

ಮುಂಬಯಿಯಲ್ಲಿ ಕಲಾ ಪ್ರದರ್ಶನ ನೋಡಲು ಒಂದೇ ದಿನ ಸಿಗುವುದಾದರೆ ಶನಿವಾರವನ್ನೇ ಆರಿಸಿಕೊಳ್ಳಿ. ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ ವಾರವಿಡೀ ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ತೆರೆದಿರುತ್ತದೆ, ಪ್ರವೇಶ ಉಚಿತ. ಅಲ್ಲಿಂದ ಕೆಲವೇ ನಿಮಿಷ ದೂರದ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್‌ಗೆ ಸೋಮವಾರ ರಜೆ. ಫೋರ್ಟ್ ಮತ್ತು ಕೊಲಾಬಾದ ಖಾಸಗಿ ಗ್ಯಾಲರಿಗಳಲ್ಲಿ ಹೆಚ್ಚಿನವು ಭಾನುವಾರ ಬಾಗಿಲು ತೆರೆಯುವುದಿಲ್ಲ. ಭಾನುವಾರ ಮಾತ್ರ ಬಿಡುವಿರುವ ಡೊಂಬಿವಲಿ, ಮೀರಾ ರೋಡ್ ಕಡೆಯ ನಮ್ಮ ಕನ್ನಡಿಗರು ಇಷ್ಟು ದೂರ ಬಂದು ಅರ್ಧ ನೋಡಿ ಮರಳುವುದಕ್ಕೆ ಇದೇ ಕಾರಣ. ಮಾಟುಂಗಾ, ಠಾಣೆ, ಡೊಂಬಿವಲಿಯವರು ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದಲ್ಲಿ ಇಳಿದು ಹುತಾತ್ಮ ಚೌಕದ ಮೂಲಕ ಇಪ್ಪತ್ತು ನಿಮಿಷ ನಡೆದರೆ ಸಾಕು. ಪಶ್ಚಿಮ ಲೈನಿನವರಿಗೆ ಚರ್ಚ್‌ಗೇಟ್ ಹತ್ತಿರ. ಮೆಟ್ರೊ 3ರಲ್ಲಿ ಬರುವವರು ಹುತಾತ್ಮ ಚೌಕ್ ನಿಲ್ದಾಣದಲ್ಲಿ ಇಳಿಯಬೇಕು.

ಗ್ಯಾಲರಿ ಹೊಕ್ಕುವ ಮುನ್ನ ಬೀದಿಯಲ್ಲಿರುವ ಕಪ್ಪು ಕುದುರೆಯ ಮುಂದೆ ಸ್ವಲ್ಪ ನಿಲ್ಲಿ. ಈ ಬಡಾವಣೆಗೆ ‘ಕಾಲಾ ಘೋಡಾ’ (ಕಪ್ಪು ಕುದುರೆ) ಎಂಬ ಹೆಸರು ತಂದ ಮೂಲ ಪ್ರತಿಮೆಯ ಮೇಲೆ ಸವಾರನಿದ್ದ: ಮುಂದೆ ಏಳನೇ ಎಡ್ವರ್ಡ್ ದೊರೆಯಾದ ಬ್ರಿಟಿಷ್ ರಾಜಕುಮಾರ. 1965ರಲ್ಲಿ ಅದನ್ನು ಕಿತ್ತು ಭಾಯಖಲಾದ ಉದ್ಯಾನಕ್ಕೆ ಒಯ್ದರು. 2017ರಲ್ಲಿ ಇಲ್ಲಿ ಹೊಸ ಕುದುರೆ ಬಂತು, ಸವಾರನಿಲ್ಲದೆ. ಹಳೆಯದು ಆಳುವವನ ಮೆರವಣಿಗೆ. ಹೊಸದರಲ್ಲಿ ಕುದುರೆ ಬರಿಯ ಕುದುರೆ. ಕೃತಿಯಲ್ಲಿ ಒಂದೇ ಒಂದು ಅಂಶ ಬದಲಾದರೂ ಇಡೀ ಕೃತಿಯ ಮಾತು ಬದಲಾಗುತ್ತದೆಯೇ ಎಂಬ ಈ ಪರೀಕ್ಷೆ ಮುಂದೆ ಪ್ರತಿ ಗೋಡೆಯ ಎದುರೂ ಬೇಕಾಗುತ್ತದೆ.

ಜಹಾಂಗೀರ್ ಗ್ಯಾಲರಿಯ ಮೇಲೆ ಕನ್ನಡಿಗರಿಗೆ ಒಂದು ಹಕ್ಕಿನ ಪ್ರೀತಿ ಇರಬೇಕು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಇಲ್ಲಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಕೆ.ಕೆ. ಹೆಬ್ಬಾರರು ಮತ್ತು ವಿಜ್ಞಾನಿ ಹೋಮಿ ಭಾಭಾ ಇಬ್ಬರೂ ಒತ್ತಾಯಿಸಿದ ಮೇಲೆ ಸರ್ ಕಾವಸ್‌ಜಿ ಜಹಾಂಗೀರ್ ಕಟ್ಟಿಸಿಕೊಟ್ಟ ಮನೆ ಇದು. 1952ರಲ್ಲಿ ತೆರೆಯಿತು, ವಿನ್ಯಾಸ ದುರ್ಗಾ ಬಾಜಪೇಯಿ ಅವರದು. ಅದಕ್ಕೂ ಮೊದಲು ಈ ಊರಿನ ಚಿತ್ರಕಾರರಿಗೆ ತಮ್ಮ ಕೆಲಸ ತೂಗುಹಾಕಲು ಗಟ್ಟಿಯಾದ ಒಂದು ಸಾರ್ವಜನಿಕ ಜಾಗ ಸಿಗುವುದೇ ಕಷ್ಟವಿತ್ತು. ಒಳಗಿದ್ದ ಸಮೋವಾರ್ ಕೆಫೆ 2015ರಲ್ಲಿ ಮುಚ್ಚಿತು. ನೋಡಿದ್ದನ್ನು ಕೂತು ಮಾತಾಡಲು ಈಗ ಹೊರಗೇ ಹೋಗಬೇಕು. ಫೋರ್ಟ್‌ನ ಉಡುಪಿ ಹೋಟೆಲುಗಳು ದೂರವಿಲ್ಲ.

ಇಲ್ಲಿ ಕೃತಿಗಳ ಮಟ್ಟ ಒಂದು ಹಾಲ್‌ನಿಂದ ಮುಂದಿನದಕ್ಕೆ ಏಕೆ ಇಷ್ಟೊಂದು ಬದಲಾಗುತ್ತದೆ ಎಂದು ಹೊಸಬರು ಕೇಳುತ್ತಾರೆ. ಕಾರಣ ವ್ಯವಸ್ಥೆಯಲ್ಲಿದೆ. ಕಲಾವಿದ ಅರ್ಜಿ ಹಾಕಬೇಕು, ಆಯ್ಕೆಯಾಗಬೇಕು, ಸರದಿಗಾಗಿ ವರ್ಷಗಟ್ಟಲೆ ಕಾಯಬೇಕು. ಆಮೇಲೆ ಹಾಲ್ ಅವನಿಗೆ ಒಂದು ವಾರದ ಬಾಡಿಗೆಗೆ ಸಿಗುತ್ತದೆ. ಅಷ್ಟು ಕಾದು, ಬಾಡಿಗೆ ಕಟ್ಟಿ, ಊರಿನಿಂದ ಟೆಂಪೋದಲ್ಲಿ ಚಿತ್ರ ತಂದವನಿಗೆ ಒಂದನ್ನೂ ಗೋಡೆಯಿಂದ ಹೊರಗಿಡಲು ಮನಸ್ಸು ಬಾರದು. ಹಾಗಾಗಿ ಹದಿನೈದು ಚಿತ್ರ ಸಾಕಾಗುವ ಗೋಡೆಯ ಮೇಲೆ ಮೂವತ್ತು ಇರುತ್ತವೆ. ಚೌಕಟ್ಟಿನಿಂದ ಚೌಕಟ್ಟಿಗೆ ಅಂತರ ಸಾಲದೆ ಕಣ್ಣು ದಣಿಯುತ್ತದೆ, ಒಳ್ಳೆಯದು ಸಾಧಾರಣದ ನಡುವೆ ಮುಚ್ಚಿಹೋಗುತ್ತದೆ. ಇದಕ್ಕೆ ಉಪಾಯವುಂಟು. ಮೊದಲ ಸುತ್ತನ್ನು ಎಲ್ಲೂ ನಿಲ್ಲದೆ ಐದು ನಿಮಿಷದಲ್ಲಿ ಮುಗಿಸಿ. ಎರಡನೇ ಸುತ್ತಿನಲ್ಲಿ ಮೂರೇ ಚಿತ್ರ ಆರಿಸಿ ಪ್ರತಿಯೊಂದಕ್ಕೂ ಐದು ನಿಮಿಷ ಕೊಡಿ. ಮೊದಲು ಚಿತ್ರದ ಉದ್ದನೆಯ ಬದಿಯ ಎರಡರಷ್ಟು ದೂರದಲ್ಲಿ ನಿಂತು ನೋಡಿ, ಆಮೇಲೆ ಒಂದು ಮೊಳದಷ್ಟು ಹತ್ತಿರ ಹೋಗಿ, ಕೊನೆಗೆ ಪಕ್ಕದಿಂದ ಓರೆಯಾಗಿ. ಬಣ್ಣ ಎಲ್ಲಿ ದಪ್ಪ, ಎಲ್ಲಿ ಉಜ್ಜಿ ತೆಗೆದಿದ್ದಾರೆ, ಕೆಳಗೆ ಬೇರೆ ಚಿತ್ರ ಇತ್ತೇ ಎಂಬುದು ಓರೆ ನೋಟದಲ್ಲೇ ತಿಳಿಯುವುದು.

ವಾರದ ಲೆಕ್ಕ ಇಲ್ಲಿ ಮಂಗಳವಾರದಿಂದ ಸೋಮವಾರ. ಮಂಗಳವಾರ ಸಂಜೆ ಉದ್ಘಾಟನೆಯ ಗದ್ದಲ, ಚಿತ್ರಕ್ಕಿಂತ ಜನರೇ ಹೆಚ್ಚು ಕಾಣುತ್ತಾರೆ. ಸೋಮವಾರ ಸಂಜೆಗೆ ಚಿತ್ರ ಇಳಿಸಿ ಕಟ್ಟುವ ಕೆಲಸ ಶುರುವಾಗಿರುತ್ತದೆ. ಬುಧವಾರದಿಂದ ಶನಿವಾರದ ಮಧ್ಯಾಹ್ನಗಳು ಉತ್ತಮ. ಈ ಗ್ಯಾಲರಿಯ ದೊಡ್ಡ ಗುಣ ಎಂದರೆ ಕಲಾವಿದರು ಹಾಲ್‌ನಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ದೊಡ್ಡ ಮ್ಯೂಸಿಯಂಗಳಲ್ಲಿ ಈ ಭಾಗ್ಯವಿಲ್ಲ. ಅವರನ್ನು ‘ಇದರ ಅರ್ಥವೇನು’ ಎಂದು ಕೇಳಿದರೆ ಬಾಯಿಪಾಠದ ನಾಲ್ಕು ಸಾಲು ಬರುತ್ತದೆ. ‘ಇದರಲ್ಲಿ ಮೊದಲು ಹಾಕಿದ ಬಣ್ಣ ಯಾವುದು’, ‘ಏನನ್ನು ಅಳಿಸಿದಿರಿ’, ‘ಇದು ಮುಗಿಯಿತು ಅಂತ ಹೇಗೆ ಗೊತ್ತಾಯಿತು’ ಎಂದು ಕೇಳಿ ನೋಡಿ. ಕೆಲಸದಲ್ಲಿ ಮುಳುಗಿದವರು ಈ ಪ್ರಶ್ನೆಗೆ ಮುಖ ಅರಳಿಸಿ ಮಾತಾಡುತ್ತಾರೆ, ಚಿತ್ರದ ಹತ್ತಿರ ಕರೆದೊಯ್ದು ಬೆರಳಿಟ್ಟು ತೋರಿಸುತ್ತಾರೆ.

ಇನ್ನು ಹಾಲ್‌ಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು: ‘ಇದೆಂಥದು ಮಾರಾಯ್ರೆ, ಇದಕ್ಕೂ ಕಲೆ ಅಂತಾರಾ?’ ಈ ಪ್ರಶ್ನೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇದೇ ಕಟ್ಟಡದೊಳಗೆ ಅದನ್ನು ಬಹಳ ಗಟ್ಟಿಯಾಗಿ ಕೇಳಿದ್ದಾರೆ. 1954ರಲ್ಲಿ ಚಿತ್ರಕಾರ ಅಕ್ಬರ್ ಪದಮ್ಸಿ ಇಲ್ಲಿ ತಮ್ಮ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡಿದಾಗ ‘ಲವರ್ಸ್’ ಹೆಸರಿನ ಎರಡು ಚಿತ್ರಗಳ ಮೇಲೆ ಅಶ್ಲೀಲತೆಯ ಮೊಕದ್ದಮೆ ಬಿತ್ತು, ಪದಮ್ಸಿ ಗೆದ್ದರು. 1992ರಲ್ಲಿ ಎಂ.ಎಫ್. ಹುಸೇನ್ ‘ಶ್ವೇತಾಂಬರಿ’ ಎಂದು ಹೆಸರಿಟ್ಟು ಹಾಲ್‌ಗೆ ಬಿಳಿ ಬಟ್ಟೆ ಇಳಿಬಿಟ್ಟು ನೆಲದ ಮೇಲೆ ಪತ್ರಿಕೆಯ ಕಾಗದ ಹರಡಿದರು. ಚಿತ್ರ ನೋಡಲು ಬಂದವರಿಗೆ ಚಿತ್ರವೇ ಇರಲಿಲ್ಲ. ಅದೇ ವರ್ಷ, ಆಗ ಇದೇ ಕಟ್ಟಡದ ಮೊದಲ ಮಹಡಿಯಲ್ಲಿದ್ದ ಗ್ಯಾಲರಿ ಕೆಮೋಲ್ಡ್‌ನ ಗೋಡೆಗಳ ಮೇಲೇ ನಳಿನಿ ಮಲಾನಿ ನೇರವಾಗಿ ಚಿತ್ರ ಬರೆದರು. ಪ್ರದರ್ಶನ ಮುಗಿದ ಮೇಲೆ ಗೋಡೆಗೆ ಸುಣ್ಣ ಬಳಿದು ಅಳಿಸಲಾಯಿತು. ಕೊಳ್ಳಲು, ಮನೆಗೆ ಒಯ್ಯಲು, ಮುಂದಿನ ತಲೆಮಾರಿಗೆ ಇಡಲು ಏನೂ ಉಳಿಯದ ಕೆಲಸ. ಅಂಗಳದಲ್ಲಿ ಬೆಳಿಗ್ಗೆ ರಂಗೋಲಿ ಹಾಕಿ ಸಂಜೆಗೆ ಅಳಿಸಿಹೋಗುವುದನ್ನು ನೋಡುತ್ತ ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣಬಾರದು.

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಉತ್ತರ ಹತ್ತಿರವಾಗುತ್ತದೆ. ‘ಇದು ಕಲೆಯೇ’ ಎನ್ನುವುದಕ್ಕಿಂತ ಮೊದಲು ‘ಈ ವಸ್ತುವೇ ಏಕೆ ಬೇಕಿತ್ತು’ ಎಂದು ಕೇಳಬೇಕು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 1990ರ ದಶಕದಲ್ಲಿ ಎಣ್ಣೆ ಬಣ್ಣ ಬಿಟ್ಟು ಸೆಗಣಿ ಕೈಗೆತ್ತಿಕೊಂಡರು. ಮುಂದೆ ನೂರಾರು ಅಡಿ ನೂಲನ್ನು ಸೂಜಿಗಳ ಕಣ್ಣಲ್ಲಿ ಪೋಣಿಸಿ, ಅಂಟು ಬೆರೆಸಿದ ಕುಂಕುಮ ಲೇಪಿಸಿ ಹಗ್ಗವಾಗಿ ಹರಿಯಬಿಟ್ಟರು. ಅಲ್ಲಿ ಕುಂಕುಮದ ಬದಲು ಅಂಗಡಿಯ ಕೆಂಪು ಬಣ್ಣ ಹಾಕಿದ್ದರೆ ಕೆಲಸ ಸತ್ತೇಹೋಗುತ್ತಿತ್ತು. ಕುಂಕುಮದ ಕೆಂಪಿನಲ್ಲಿ ಹಣೆಯಿದೆ, ಪೂಜೆಯಿದೆ, ರಕ್ತವಿದೆ. ಸೂಜಿಯಲ್ಲಿ ಹೆಂಗಸರ ದಿನನಿತ್ಯದ ದುಡಿಮೆಯಿದೆ. ಬದಲಾಯಿಸಿದರೆ ನಷ್ಟವಾಗುತ್ತದೆ ಎಂದಾದರೆ ಅಲ್ಲಿ ಒಂದು ನಿರ್ಧಾರ ಇದೆ. ಬದಲಾಯಿಸಿದರೂ ಏನೂ ಆಗದು ಎಂದಾದರೆ ಅದು ಬರಿಯ ಸಾಮಾನು, ಅದಕ್ಕೆ ಎಷ್ಟೇ ದೊಡ್ಡ ಚೀಟಿ ಅಂಟಿಸಿರಲಿ.

ಈ ಮಾತು ಬಂದಾಗಲೆಲ್ಲ ಬಾಳೆಹಣ್ಣಿನ ಉದಾಹರಣೆ ತರುತ್ತಾರೆ. 2019ರಲ್ಲಿ ಇಟಲಿಯ ಮೌರಿಜಿಯೊ ಕಟೆಲಾನ್ ಮಯಾಮಿಯ ಕಲಾ ಮೇಳದಲ್ಲಿ ಬಾಳೆಹಣ್ಣನ್ನು ಟೇಪಿನಿಂದ ಗೋಡೆಗೆ ಅಂಟಿಸಿದ್ದು, 2024ರ ನವೆಂಬರಿನಲ್ಲಿ ಅದರ ಒಂದು ಪ್ರತಿ ಹರಾಜಿನಲ್ಲಿ 62 ಲಕ್ಷ ಡಾಲರಿಗೆ ಹೋಗಿದ್ದು ಎಲ್ಲರಿಗೂ ಗೊತ್ತು. ಕೊಂಡವನಿಗೆ ಸಿಕ್ಕಿದ್ದು ಒಂದು ಪ್ರಮಾಣಪತ್ರ, ಜೊತೆಗೆ ನೆಲದಿಂದ 175 ಸೆಂಟಿಮೀಟರ್ ಎತ್ತರದಲ್ಲಿ ಅಂಟಿಸಬೇಕೆಂಬ ಸೂಚನೆ. ಹಣ್ಣು ಕೊಳೆತರೆ ಬದಲಾಯಿಸಬಹುದು. 1917ರಲ್ಲಿ ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂ ನ್ಯೂಯಾರ್ಕಿನ ಪ್ರದರ್ಶನಕ್ಕೆ ಮೂತ್ರದ ಬೇಸಿನ್ ಕಳಿಸಿ, ಯಾವ ವಸ್ತು ಕಲೆಯಾಗಬಹುದು ಎಂದು ಕೇಳಿದ್ದನ್ನೇ ಇದು ಮತ್ತೆ ಕೇಳುತ್ತದೆ. ದ್ಯುಶಾಂ ಆಗ ಆ ಪ್ರಶ್ನೆ ಕೇಳಿದ್ದರಿಂದ ಮುಂದಿನ ಕಲೆಯ ದಾರಿ ಅಗಲವಾಯಿತು. ನೂರು ವರ್ಷದ ಮೇಲೆ ಅದನ್ನೇ ಕೇಳುವವರಿಂದ ನಾವು ಹೊಸದೇನನ್ನೋ ನಿರೀಕ್ಷಿಸಬೇಕು. ಬಾಳೆಹಣ್ಣು ಮಾರುಕಟ್ಟೆಯ ಬಗ್ಗೆ ನಿಜ ಹೇಳುತ್ತದೆ, ಆದರೆ ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಕಾಲಾ ಘೋಡಾದಲ್ಲಿ ನೋಡುಗರನ್ನು ನಿಜವಾಗಿ ಮೋಸಗೊಳಿಸುವುದು ಇಂಥ ವಿಚಿತ್ರ ವಸ್ತುಗಳಲ್ಲ. ಯಾರೂ ಅನುಮಾನಿಸದ ಚೆಂದದ ಕ್ಯಾನ್ವಾಸುಗಳು. ಕಣ್ಮುಚ್ಚಿದ ಬುದ್ಧ, ಓಡುವ ಕುದುರೆ, ಕಾಶಿಯ ಘಾಟು, ಗೂಳಿ, ಚಾಕುವಿನಲ್ಲಿ ಬಳಿದ ಬಣ್ಣದ ಮೇಲೆ ಹೊಳೆಯುವ ಚಿನ್ನದ ಹಾಳೆ. ಇವುಗಳ ಮುಂದೆ ಯಾರೂ ‘ಇದು ಕಲೆಯೇ’ ಎಂದು ಕೇಳುವುದಿಲ್ಲ, ಕೇಳಬೇಕಾದ್ದು ಇಲ್ಲೇ. ಪತ್ತೆಹಚ್ಚುವುದು ಸುಲಭ. ಹಾಲ್‌ನ ಹತ್ತು ಚಿತ್ರಗಳಲ್ಲಿ ರಚನೆ ಅದೇ ಆಗಿದ್ದು ಬಣ್ಣ ಮಾತ್ರ ಬೇರೆಯೇ? ನಾಲ್ಕು ಮೂಲೆಗಳನ್ನು ನೋಡಿ: ನಡುವೆ ಗಮನವಿಟ್ಟು ಮೂಲೆಗಳನ್ನು ಹಿನ್ನೆಲೆ ಬಣ್ಣದಿಂದ ತುಂಬಿಸಿಬಿಟ್ಟಿದ್ದಾರೆಯೇ? ಸಹಿ ಮಾತ್ರ ಅತ್ಯಂತ ಜಾಗ್ರತೆಯಿಂದ ಹಾಕಿದ ಭಾಗವೇ? ಕುದುರೆ ಬರೆಯುವುದು ತಪ್ಪಲ್ಲ, ಹುಸೇನರೂ ಜೀವಮಾನವಿಡೀ ಬರೆದರು. ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದ ಕೈ ಅದು, ಒಂದು ಗೆರೆ ಎಳೆದರೆ ಅದರಲ್ಲಿ ಓಟ ಇರುತ್ತಿತ್ತು. ಹೆಬ್ಬಾರರ ಯಕ್ಷಗಾನ, ನೃತ್ಯದ ರೇಖಾಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಇದು ಇನ್ನೂ ಸ್ಪಷ್ಟ. ಅವರ ಗೆರೆ ಎಲ್ಲಿ ತೆಳುವಾಗುತ್ತದೋ ಅಲ್ಲಿ ಹೆಜ್ಜೆ ನೆಲ ಬಿಟ್ಟಿರುತ್ತದೆ. ಅದನ್ನು ನಕಲು ಮಾಡಿದವನ ಗೆರೆಯ ದಪ್ಪ ಎಲ್ಲೆಡೆ ಒಂದೇ.

ತಂತ್ರದ ತಪ್ಪುಗಳೂ ಕಣ್ಣಿಗೆ ಬೀಳುತ್ತವೆ. ಕ್ಯಾನ್ವಾಸಿಗೆ ಉಬ್ಬುತಗ್ಗು ಕೊಡುವ ಟೆಕ್ಸ್ಚರ್ ಪೇಸ್ಟನ್ನು ಒಂದೇ ಸಲ ದಪ್ಪಗೆ ಬಳಿದರೆ ಮೇಲ್ಪದರ ಬೇಗ ಒಣಗಿ ಒಳಗಿನದು ಆಮೇಲೆ ಕುಗ್ಗುತ್ತದೆ, ಕೂದಲೆಳೆ ಬಿರುಕು ಬರುತ್ತದೆ. ಎಣ್ಣೆ ಬಣ್ಣದಲ್ಲಿ ಎಣ್ಣೆ ಹೆಚ್ಚಿರುವ ಪದರ ಮೇಲಿರಬೇಕು, ಕಡಿಮೆಯದು ಕೆಳಗೆ. ತಿರುಗಾಮುರುಗಾ ಮಾಡಿದರೂ ಇದೇ ಗತಿ. ದಪ್ಪ ಎಣ್ಣೆ ಬಣ್ಣ ಪೂರ್ತಿ ಒಣಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಹೋದ ತಿಂಗಳು ಮುಗಿಸಿದ ಕ್ಯಾನ್ವಾಸಿನ ಮೇಲೆ ವಾರ್ನಿಷ್ ಹೊಳೆಯುತ್ತಿದ್ದರೆ ಪ್ರದರ್ಶನದ ದಿನಾಂಕಕ್ಕೆ ಓಡಿದ್ದಾರೆ ಎಂದೇ ಲೆಕ್ಕ.

ಹೊರಗೆ ಬಂದರೆ ಕಾಲುದಾರಿಯ ಮೇಲೂ ಚಿತ್ರಗಳಿವೆ, ಎದುರು ಕೂತವರ ಮುಖವನ್ನು ಸ್ಥಳದಲ್ಲೇ ಬಿಡಿಸಿಕೊಡುವವರಿದ್ದಾರೆ. ಒಳಗಿರುವುದು ಕಲೆ, ಹೊರಗಿರುವುದು ವ್ಯಾಪಾರ ಎಂಬ ವಿಂಗಡಣೆ ನಿಲ್ಲುವುದಿಲ್ಲ, ಎರಡೂ ಕಡೆ ಬೆಲೆಚೀಟಿ ಇದೆ. ಹತ್ತು ನಿಮಿಷದಲ್ಲಿ ಮುಖದ ಹೋಲಿಕೆ ಹಿಡಿಯುವುದು ದೊಡ್ಡ ಅಭ್ಯಾಸದ ಫಲ. ಬಿಡಿಸುವಾಗ ಹಿಂದೆ ನಿಂತು ನೋಡಿ: ಕಣ್ಣಿನಿಂದ ಶುರು ಮಾಡುತ್ತಾರೋ ತಲೆಯ ಒಟ್ಟು ಆಕಾರದಿಂದಲೋ? ಆಕಾರದಿಂದ ಶುರು ಮಾಡಿದವರ ಕೈಯಲ್ಲಿ ಅಳತೆ ತಪ್ಪುವುದು ಕಡಿಮೆ.

ಪಕ್ಕದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಒಂದು ಕಾಲದಲ್ಲಿ ಪೂಜೆಗೊಂಡ ಮೂರ್ತಿಗಳು ಅಲ್ಲಿ ದೀಪ, ಹೂವು ಇಲ್ಲದೆ ನಿಂತಿವೆ. ತುಳುನಾಡಿನವರಿಗೆ ಈ ನೋವು ಗೊತ್ತಿರುವಂಥದ್ದು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತಗಳ, ಅಂದರೆ ಅಲ್ಲಿ ಪೂಜಿಸುವ ದೈವಗಳ, ಮರದ ಆಕೃತಿಗಳು ದಿಲ್ಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿವೆ, ಅಲ್ಲಿ ನೋಡುವವರು ಕೆತ್ತನೆಯ ಬಲ, ಬಣ್ಣದ ಧೈರ್ಯ ಮೆಚ್ಚುತ್ತಾರೆ. ಊರಿನಲ್ಲಿ ಅದರ ಮುಂದೆ ದೈವದ ಕತೆ ಹಾಡುವ ಪಾಡ್ದನವಿತ್ತು, ದೈವದ ನುಡಿಯಿತ್ತು, ಭಯವಿತ್ತು. ಎರಡು ನೋಟವೂ ನಿಜ; ಆದರೆ ಎರಡನೆಯದನ್ನು ಚೀಟಿಯಲ್ಲಿ ಎರಡು ಸಾಲಾದರೂ ಬರೆಯದ ಮ್ಯೂಸಿಯಂ ಅರ್ಧ ಕೆಲಸ ಮಾಡಿದಂತೆ. ಮಹಾರಾಷ್ಟ್ರದ ವಾರ್ಲಿ ಬುಡಕಟ್ಟಿನವರ ಚಿತ್ರಗಳ ಕತೆಯೂ ಹೀಗೇ. ಮದುವೆಮನೆಯ ಗೋಡೆಗೆ ಗೇರುಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುತ್ತಿದ್ದುದನ್ನು ಜಿವ್ಯಾ ಸೋಮ ಮಾಶೆ ಕಾಗದ, ಬಟ್ಟೆಗೆ ತಂದರು, 1970ರ ದಶಕದಲ್ಲಿ ಮುಂಬಯಿಯ ಗ್ಯಾಲರಿಗೂ ಬಂದರು, 2011ರಲ್ಲಿ ಪದ್ಮಶ್ರೀ ಪಡೆದರು. ‘ಜಾನಪದ’ ಎಂದು ಬದಿಗಿಟ್ಟ ಕೋಣೆಯಲ್ಲಿ ಕರಕುಶಲ, ಬಿಳಿ ಗೋಡೆಯ ಹಾಲ್‌ನಲ್ಲಿ ಕಲೆ ಎಂದು ಹೇಳುವವರು ಕೃತಿಯನ್ನು ನೋಡದೆ ಗೋಡೆಯನ್ನು ನೋಡುತ್ತಿದ್ದಾರೆ.

ನ್ಯಾಷನಲ್ ಗ್ಯಾಲರಿಯ ಟಿಕೆಟ್ ಭಾರತೀಯರಿಗೆ 20 ರೂಪಾಯಿ. 1911ರ ಕಾವಸ್‌ಜಿ ಜಹಾಂಗೀರ್ ಹಾಲ್ ಇದು, ಹಿಂದೆ ಸಭೆ, ಸಂಗೀತ ಕಛೇರಿಗಳು ನಡೆಯುತ್ತಿದ್ದ ಜಾಗ. 1996ರಲ್ಲಿ ಒಳಭಾಗ ಬದಲಾಯಿಸಿ ಗ್ಯಾಲರಿ ಮಾಡಿದರು. ಬಾಗಿದ ಮೆಟ್ಟಿಲುಗಳ ಮೂಲಕ ಹಂತ ಹಂತವಾಗಿ ಗುಮ್ಮಟದವರೆಗೆ ಏರುವ ರಚನೆ ಕಣ್ಣಿಗೆ ಸೊಗಸು, ಮೊಣಕಾಲಿಗೆ ಕಷ್ಟ. ಹಿರಿಯರೊಂದಿಗೆ ಹೋಗುವವರು ಬಾಗಿಲಲ್ಲೇ ವಿಚಾರಿಸಿಕೊಳ್ಳಿ. ದೊಡ್ಡ ಹಿನ್ನೋಟ ಪ್ರದರ್ಶನಗಳಿಗೆ ಈ ಕಟ್ಟಡ ಹೇಳಿ ಮಾಡಿಸಿದ್ದು, ಒಬ್ಬರ ಆರಂಭದ ಕೆಲಸ ಕೆಳಗೆ, ಕೊನೆಯದು ಮೇಲೆ ಎಂದು ಸಾಲಾಗಿ ಓದಬಹುದು. ಪ್ರದರ್ಶನ ಬದಲಾಗುವ ದಿನಗಳಲ್ಲಿ ಹಾಲ್‌ಗಳು ಖಾಲಿ ಇರುತ್ತವೆ, ಹೋಗುವ ಮುನ್ನ ಫೋನ್ ಮಾಡುವುದು ಒಳ್ಳೆಯದು.

ಖಾಸಗಿ ಗ್ಯಾಲರಿಗಳಿಗೆ ಹೋಗಲು ನಮ್ಮವರು ಅಳುಕುತ್ತಾರೆ. ಹಳೆಯ ಕಟ್ಟಡ, ಮೂರನೇ ಮಹಡಿ, ಮುಚ್ಚಿದ ಬಾಗಿಲು, ಬೆಲ್. ಅಳುಕಬೇಡಿ. ಬೆಲ್ ಒತ್ತಿ, ಪುಸ್ತಕದಲ್ಲಿ ಹೆಸರು ಬರೆಯಿರಿ, ನೋಡಿ. ಪ್ರವೇಶಕ್ಕೆ ದುಡ್ಡು ಕೊಡಬೇಕಿಲ್ಲ, ಕೊಳ್ಳಬೇಕೆಂಬ ಒತ್ತಾಯವೂ ಇಲ್ಲ. ಜಹಾಂಗೀರ್‌ನಿಂದ 2007ರಲ್ಲಿ ಫೋರ್ಟ್‌ನ ಪ್ರೆಸ್ಕಾಟ್ ರೋಡಿಗೆ ಬಂದ ಕೆಮೋಲ್ಡ್‌ನಿಂದ ಶುರು ಮಾಡಿ ಕೊಲಾಬಾದ ಗ್ಯಾಲರಿಗಳ ಕಡೆ ಇಳಿಯಬಹುದು. ಕೆಮೋಲ್ಡ್ ಮೊದಲು ಚಿತ್ರಗಳಿಗೆ ಚೌಕಟ್ಟು ಮಾಡುವ ಉದ್ಯಮವಾಗಿತ್ತು, ಚೌಕಟ್ಟಿಗೆ ಬಂದ ಚಿತ್ರಗಳಿಂದಲೇ ಗ್ಯಾಲರಿ ಬೆಳೆಯಿತು. ಇಲ್ಲೆಲ್ಲ ಗೋಡೆಯ ಮೇಲೆ ಬೆಲೆ ಇರುವುದಿಲ್ಲ. ಮೇಜಿನ ಬಳಿ ಬೆಲೆಪಟ್ಟಿ ಕೇಳಿದರೆ ಕೊಡುತ್ತಾರೆ. ಕೆಂಪು ಚುಕ್ಕೆ ಇದ್ದರೆ ಮಾರಾಟವಾಗಿದೆ. ಬೆಲೆಯಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಗ್ಯಾಲರಿಯ ಪಾಲು ಎಂಬುದು ಈ ವ್ಯಾಪಾರದ ಸಾಮಾನ್ಯ ಲೆಕ್ಕ. ಹಾಲ್‌ನ ಖರ್ಚು, ಮುದ್ರಣ, ವಿಮೆ ಅದರಲ್ಲೇ. ಜಹಾಂಗೀರ್‌ನಲ್ಲಿ ಕಲಾವಿದ ಬಾಡಿಗೆ ಕಟ್ಟುತ್ತಾನೆ, ಇಲ್ಲಿ ಗ್ಯಾಲರಿ ಅಪಾಯ ಹೊರುತ್ತದೆ. ಆದ್ದರಿಂದಲೇ ಇಲ್ಲಿ ಗೋಡೆಯ ಮೇಲೆ ಕಡಿಮೆ ಕೃತಿ, ಹೆಚ್ಚು ಜಾಗ.

ಕೊಳ್ಳುವ ಮನಸ್ಸಿದ್ದರೆ ಜೇಬಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇರಲಿ. ಕಡಿಮೆ ಬೆಲೆಗೆ ದೊಡ್ಡ ಹೆಸರು ಎಂದು ಮಾರುವುದರಲ್ಲಿ ಹೆಚ್ಚಿನವು ಪ್ರಿಂಟುಗಳು. ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಸಣ್ಣ ಹೂವಿನಂತೆ ಸಾಲುಗಟ್ಟಿರುತ್ತವೆ, ಅದು ಪೋಸ್ಟರ್. ಇಂಕ್‌ಜೆಟ್‌ನಲ್ಲಿ ಚುಕ್ಕೆಗಳು ಎರಚಿದಂತೆ ಚದುರಿರುತ್ತವೆ. ಜಾಲರಿ ಪರದೆಯ ಮೂಲಕ ಬಣ್ಣ ಒತ್ತುವ ಸೆರಿಗ್ರಾಫ್‌ನಲ್ಲಿ ಚುಕ್ಕೆಯೇ ಇಲ್ಲದೆ ಬಣ್ಣ ಚಪ್ಪಟೆಯಾಗಿ, ಒಂದರ ಮೇಲೊಂದು ಕೂತಿರುತ್ತದೆ. ಆಮ್ಲದಿಂದ ತಗಡು ಕೊರೆದು ಅಚ್ಚೊತ್ತುವ ಎಚ್ಚಿಂಗ್‌ನಲ್ಲಿ ಚಿತ್ರದ ಸುತ್ತ ತಗಡಿನ ಅಚ್ಚು ಒತ್ತಿದ ಗುರುತು ಬೆರಳಿಗೆ ತಾಕುತ್ತದೆ. ಪೆನ್ಸಿಲಿನಲ್ಲಿ 3/25 ಎಂದಿದ್ದರೆ ಇಪ್ಪತ್ತೈದರಲ್ಲಿ ಮೂರನೆಯ ಪ್ರತಿ. ಸಂಖ್ಯೆ ಇಲ್ಲದ, ಸಹಿ ಕೂಡ ಮುದ್ರಿತವಾದ ಪ್ರಿಂಟಿಗೆ ಚೌಕಟ್ಟಿನ ಬೆಲೆಗಿಂತ ಹೆಚ್ಚು ಕೊಡಬೇಡಿ. 2025ರ ಮಾರ್ಚಿನಲ್ಲಿ ಹುಸೇನರ ‘ಗ್ರಾಮ ಯಾತ್ರಾ’ ನ್ಯೂಯಾರ್ಕಿನಲ್ಲಿ 118 ಕೋಟಿ ರೂಪಾಯಿಗೆ ಹೋದ ಸುದ್ದಿಯನ್ನು ಹೇಳಿ ಯಾರಾದರೂ ‘ಹೂಡಿಕೆ’ ಎಂದರೆ ಕಿವಿಗೆ ಹಾಕಿಕೊಳ್ಳಬೇಡಿ, ಆ ದರಕ್ಕೂ ನೀವು ಕೊಳ್ಳುವುದಕ್ಕೂ ಸಂಬಂಧವಿಲ್ಲ. ಮೊದಲ ಖರೀದಿಗೆ ಸಿಎಸ್‌ಎಂಟಿ ಎದುರಿನ ಜೆ.ಜೆ. ಕಲಾಶಾಲೆಯ ವಾರ್ಷಿಕ ಪ್ರದರ್ಶನ ಎಲ್ಲಕ್ಕಿಂತ ಉತ್ತಮ. ವಿದ್ಯಾರ್ಥಿಗಳ ಮೂಲ ಎಚ್ಚಿಂಗ್, ಮರಮುದ್ರಣ ಕೈಗೆಟಕುವ ಬೆಲೆಗೆ ಅಲ್ಲಿ ಸಿಗುತ್ತವೆ, ಮಾಡಿದವರು ಎದುರೇ ಇರುತ್ತಾರೆ.

ಕೊಂಡಿದ್ದನ್ನು ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಒಯ್ಯಬೇಡಿ. ಅಕ್ರಿಲಿಕ್ ಚಿತ್ರದ ಮುಖಕ್ಕೆ ಬಬಲ್ ರ‍್ಯಾಪ್ ನೇರ ತಾಕಬಾರದು. ಸೆಖೆಗೆ ಬಣ್ಣ ಮೆದುವಾಗಿ ಗುಳ್ಳೆಗಳ ಗುರುತು ಶಾಶ್ವತವಾಗಿ ಕೂರುತ್ತದೆ. ನಡುವೆ ಗ್ಲಾಸಿನ್ ಎಂಬ ನುಣುಪಾದ ಕಾಗದ ಇರಲೇಬೇಕು. ಕಾಗದದ ಕೃತಿಗೆ ಆಮ್ಲರಹಿತ ಮೌಂಟ್ ಬೋರ್ಡ್ (ಚೌಕಟ್ಟಿನೊಳಗೆ ಚಿತ್ರದ ಸುತ್ತ ಕೂರಿಸುವ ರಟ್ಟು) ಎಂದು ಚೌಕಟ್ಟಿನವನಿಗೆ ಹೆಸರು ಹೇಳಿಯೇ ಕೇಳಿ, ಇಲ್ಲದಿದ್ದರೆ ಕೆಲವು ವರ್ಷದಲ್ಲಿ ಅಂಚು ಕಂದಾಗುತ್ತದೆ. ಗಾಜು ಕಾಗದಕ್ಕೆ ಅಂಟಿರಬಾರದು, ನಡುವೆ ಗಾಳಿಗೆ ಜಾಗ ಬೇಕು. ಬಾತ್‌ರೂಮಿನ ಗೋಡೆಯ ಹಿಂಬದಿ, ಮಳೆ ಹೊಡೆಯುವ ಹೊರಗೋಡೆ ಎರಡನ್ನೂ ಬಿಟ್ಟು, ಚಿತ್ರದ ನಡುಮಧ್ಯ ನೆಲದಿಂದ 145–150 ಸೆಂಟಿಮೀಟರ್ ಬರುವಂತೆ ತೂಗುಹಾಕಿ. ಕೆಳಗಿನ ಎರಡು ಮೂಲೆಗಳ ಹಿಂದೆ ಸಣ್ಣ ಬೆಣೆ ಕೊಟ್ಟರೆ ಗೋಡೆಯ ತೇವ ತಾಕದು. ಮಳೆಗಾಲದಲ್ಲಿ ಕ್ಯಾನ್ವಾಸ್ ಸಡಿಲವಾದರೆ ಗಾಬರಿ ಬೇಡ, ಹವೆ ಒಣಗಿದ ಮೇಲೂ ಬಿಗಿಯಾಗದಿದ್ದರೆ ಮಾತ್ರ ಹಿಂಬದಿಯ ಮರದ ಕೀಲುಗಳನ್ನು ಮೆಲ್ಲಗೆ ತಟ್ಟಿಸಬೇಕು. ಅಕ್ಟೋಬರಿನಲ್ಲಿ ಒಮ್ಮೆ ಇಳಿಸಿ ಹಿಂಬದಿ ನೋಡಿ. ಬಿಳಿ ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಇತರ ಚಿತ್ರಗಳಿಂದ ದೂರವಿಟ್ಟು ಕೃತಿ ಸಂರಕ್ಷಣೆ ಬಲ್ಲವರಿಗೆ ತೋರಿಸಿ.